ಕುದುರೆ ಅಲುಗಾಡಿದ ಫೋಟೊಗಳು

ಜಟಕಾ, ಟಾಂಗಾ, ಸಾರೋಟುಗಳ ಪಕ್ಕ ನಿಂತು ನಮ್ಮ ಹಿರಿಯರು ತೆಗೆಸಿಕೊಂಡ ಫೋಟೊಗಳು ಟ್ರಂಕಿನ ತಳದಲ್ಲಿ ಮಸುಕಾಗುತ್ತಿವೆ. ನಮ್ಮ ಊರುಗಳ ಬೀದಿ ಹೇಗಿತ್ತು, ಜನ ಹೇಗೆ ಓಡಾಡಿದರು ಎಂಬುದಕ್ಕೆ ಅವೇ ಸಾಕ್ಷಿ.

ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ಅಟ್ಟದ ಮೇಲಿನ ಟ್ರಂಕು ಇಳಿಸಿದರೆ ಜಾತಕ, ಕ್ರಯಪತ್ರ, ಕಂದಾಯದ ರಸೀದಿಗಳ ನಡುವೆ ಒಂದು ಕಟ್ಟು ಫೋಟೊ ಸಿಗುವುದುಂಟು. ಹೆಚ್ಚಿನವು ಸ್ಟುಡಿಯೊದವು. ಬಣ್ಣ ಬಳಿದ ಪರದೆ, ಕೆತ್ತನೆಯ ಕುರ್ಚಿ, ಉಸಿರು ಬಿಗಿಹಿಡಿದು ಕುಳಿತ ಯಜಮಾನರು, ಪಕ್ಕದಲ್ಲಿ ನಿಂತ ಹೆಂಡತಿ. ಅದೇ ಕಟ್ಟಿನಲ್ಲಿ ಒಂದೆರಡು ಚಿತ್ರಗಳು ಮಾತ್ರ ಬೇರೆ ತರಹ ಇರುತ್ತವೆ. ಮನೆಯ ಮುಂದೆ ಕುದುರೆಗಾಡಿ ನಿಂತಿದೆ. ಯಾರೋ ಹತ್ತಿ ಕುಳಿತಿದ್ದಾರೆ, ಯಾರೋ ಹತ್ತಲಿದ್ದಾರೆ, ಬೀಳ್ಕೊಡಲು ಬಂದ ನೆರೆಹೊರೆಯವರು ಜಗಲಿಯ ಮೇಲಿದ್ದಾರೆ. ಎಲ್ಲರ ಮುಖವೂ ಸ್ಪಷ್ಟ. ಕುದುರೆಯ ತಲೆ ಮಾತ್ರ ಕದಡಿಹೋಗಿದೆ.

ಇಂಥ ಫೋಟೊ ಕೈಗೆ ಬಂದಾಗ ನಾವು ಮೊದಲು ಹುಡುಕುವುದು ಮುಖಗಳನ್ನು. ಇದು ತಾತ, ಇದು ದೊಡ್ಡಮ್ಮ, ಇವರು ಯಾರೋ ತಿಳಿಯದು ಎಂದು ಹೇಳಿ ಮುಂದಿನದಕ್ಕೆ ಹೋಗುತ್ತೇವೆ. ನಾನು ಹೇಳಬೇಕೆಂದಿರುವುದು ಇಷ್ಟೇ: ಆ ಚಿತ್ರದಲ್ಲಿ ಮುಖಗಳ ಆಚೆಗೆ ಇರುವುದನ್ನೂ ಓದಬೇಕು. ಅರಮನೆಯ ಸಾರೋಟುಗಳನ್ನು ಅರಮನೆಯ ಛಾಯಾಗ್ರಾಹಕರು ಚಿತ್ರಿಸಿದರು, ಆ ಚಿತ್ರಗಳು ಉಳಿದವು. ಬೀದಿಯ ಬಾಡಿಗೆ ಜಟಕಾವನ್ನು ಉದ್ದೇಶಪಟ್ಟು ಚಿತ್ರಿಸಿದವರು ತೀರಾ ಕಡಿಮೆ. ಅದು ಉಳಿದಿರುವುದು ನಮ್ಮ ನಮ್ಮ ಮನೆಯವರ ಬೆನ್ನ ಹಿಂದೆ. ಹಾಗಾಗಿ ಅದನ್ನು ಕಾಯುವ ಹೊಣೆಯೂ ಮನೆಗಳದ್ದೇ.

ಗಾಡಿಯ ಪಕ್ಕ ಏಕೆ ನಿಂತರು?

ಫೋಟೊ ತೆಗೆಸುವುದು ಒಂದು ಕಾಲಕ್ಕೆ ಮನೆಯಲ್ಲಿ ಅಪರೂಪಕ್ಕೆ ನಡೆಯುತ್ತಿದ್ದ ಖರ್ಚಿನ ಕೆಲಸ. ಅದಕ್ಕೊಂದು ನೆಪ ಬೇಕಿತ್ತು. ಮದುವೆ, ಮಗಳನ್ನು ಗಂಡನ ಮನೆಗೆ ಕಳಿಸುವುದು, ಅಮಲ್ದಾರರಿಗೋ ಶಾಲಾ ಮೇಷ್ಟರಿಗೋ ವರ್ಗವಾಗಿ ಊರು ಬಿಡುವುದು, ಹೊಸ ಗಾಡಿ ಕೊಂಡದ್ದು, ಜಾತ್ರೆಗೆ ಹೊರಟದ್ದು. ಇವೆಲ್ಲವೂ ಪ್ರಯಾಣದ ಸಂದರ್ಭಗಳು. ಮನೆಮಂದಿಯೆಲ್ಲ ಒಳ್ಳೆಯ ಬಟ್ಟೆ ತೊಟ್ಟು ಒಂದೇ ಹೊತ್ತಿಗೆ ಅಂಗಳದಲ್ಲಿ ಸೇರುತ್ತಿದ್ದದ್ದು ಗಾಡಿ ಬಾಗಿಲಿಗೆ ಬಂದಾಗಲೇ.

ಬೆಳಕಿನ ಕಾರಣವೂ ಇತ್ತು. ಹಳೆಯ ಪ್ಲೇಟುಗಳಿಗೆ ಬಿಸಿಲೇ ಆಧಾರ. ಮನೆಯೊಳಗಿನ ನಡುಮನೆ, ಪಡಸಾಲೆಗಳ ಮಬ್ಬಿನಲ್ಲಿ ಚಿತ್ರ ಮೂಡುತ್ತಿರಲಿಲ್ಲ. ಫೋಟೊದವರನ್ನು ಮನೆಗೇ ಕರೆಸಿದರೆ ಅವರು ಮೂರು ಕಾಲಿನ ಸ್ಟ್ಯಾಂಡು ಊರುತ್ತಿದ್ದದ್ದು ಬೀದಿಯಲ್ಲೇ. ಮನೆಯ ಮುಂಬಾಗಿಲು, ತುಳಸಿಕಟ್ಟೆ, ಗಾಡಿ, ಅಕ್ಕಪಕ್ಕದ ಗೋಡೆ ಎಲ್ಲವೂ ಒಂದೇ ಚೌಕಟ್ಟಿನಲ್ಲಿ ಬಂದದ್ದು ಹೀಗೆ. ಸ್ಟುಡಿಯೊದ ಪರದೆ ನಮ್ಮವರನ್ನು ಯಾವುದೋ ಅರಮನೆಯ ಮುಂದೆ ನಿಲ್ಲಿಸಿತು. ಗಾಡಿಯ ಫೋಟೊದಲ್ಲಿ ಅವರು ತಮ್ಮ ಊರಿನಲ್ಲೇ ನಿಂತರು.

ಕುದುರೆ ಮತ್ತು ಕ್ಯಾಮೆರಾ

ಕುದುರೆಯ ತಲೆ ಏಕೆ ಕದಡಿರುತ್ತದೆ ಎಂಬುದರ ಹಿಂದೆ ಛಾಯಾಗ್ರಹಣದ ಚರಿತ್ರೆಯೇ ಇದೆ. 1839ರಲ್ಲಿ ಫ್ರಾನ್ಸಿನಲ್ಲಿ ಡಾಗೆರ್ ವಿಧಾನ ಬಹಿರಂಗವಾದಾಗ ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಕಾಯಬೇಕಿತ್ತು. 1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ರೂಪಿಸಿದ ಒದ್ದೆ ಪ್ಲೇಟಿನ ವಿಧಾನದಿಂದ ಆ ಅವಧಿ ಕೆಲವು ಸೆಕೆಂಡಿಗೆ ಇಳಿಯಿತು. ಆದರೆ ಗಾಜಿನ ಪ್ಲೇಟಿಗೆ ರಾಸಾಯನಿಕ ಬಳಿದು, ಅದು ಒಣಗುವ ಮುನ್ನವೇ ಚಿತ್ರ ತೆಗೆದು, ಆಗಲೇ ಅದನ್ನು ತೊಳೆದು ಮುಗಿಸಬೇಕಿತ್ತು. ಕತ್ತಲೆಕೋಣೆಯನ್ನು ಡೇರೆಯ ರೂಪದಲ್ಲಿ ಜೊತೆಗೇ ಹೊತ್ತು ತಿರುಗಬೇಕಾದ ಕಾಲ ಅದು. 1871ರಲ್ಲಿ ರಿಚರ್ಡ್ ಮ್ಯಾಡಕ್ಸ್ ಜೆಲಟಿನ್ ಬಳಸುವ ಒಣ ಪ್ಲೇಟಿನ ದಾರಿ ತೋರಿಸಿದರು. ಮುಂದೆ ಅದು ಕಾರ್ಖಾನೆಯಲ್ಲಿ ತಯಾರಾಗಿ ಪೆಟ್ಟಿಗೆಯಲ್ಲಿ ಮಾರಾಟಕ್ಕೆ ಬಂತು.

ಈ ನಡುವೆ, 1878ರಲ್ಲಿ, ಎಡ್ವರ್ಡ್ ಮೈಬ್ರಿಜ್ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲೀಲಂಡ್ ಸ್ಟ್ಯಾನ್‌ಫರ್ಡ್ ಅವರ ಕುದುರೆ ಫಾರಂನಲ್ಲಿ 12 ಕ್ಯಾಮೆರಾಗಳನ್ನು ಸಾಲಾಗಿ ನಿಲ್ಲಿಸಿ, ಓಡುವ ಕುದುರೆಯ ಒಂದೊಂದು ಭಂಗಿಯನ್ನೂ ಸೆರೆಹಿಡಿದರು. ಓಟದ ಒಂದು ಗಳಿಗೆಯಲ್ಲಿ ಕುದುರೆಯ ನಾಲ್ಕು ಕಾಲೂ ನೆಲ ಬಿಟ್ಟಿರುತ್ತವೆ ಎಂಬುದು ಜಗತ್ತಿಗೆ ಖಚಿತವಾದದ್ದು ಆ ಚಿತ್ರಗಳಿಂದ.

ನಮ್ಮ ಊರುಗಳ ಫೋಟೊಗ್ರಾಫರಿಗೆ ಅಂಥ ವೇಗದ ಷಟರ್ ದೂರದ ಮಾತು. ಮರದ ದೊಡ್ಡ ಕ್ಯಾಮೆರಾ, ತಲೆಯ ಮೇಲೆ ಕಪ್ಪು ಬಟ್ಟೆ. ಲೆನ್ಸಿನ ಮುಚ್ಚಳ ತೆಗೆದು, ಬಾಯಲ್ಲಿ ಎಣಿಸಿ, ಮತ್ತೆ ಮುಚ್ಚುವುದೇ ಎಷ್ಟೋ ಕಡೆ ರೂಢಿಯಾಗಿತ್ತು. ಮನುಷ್ಯರಿಗೆ ಅಲುಗಾಡಬೇಡಿ ಎನ್ನಬಹುದು. ನೊಣ ಓಡಿಸಲು ತಲೆ ಕೊಡವುವ ಕುದುರೆಗೆ ಹೇಳುವುದು ಹೇಗೆ? ಆದ್ದರಿಂದ ಗಾಲಿಯ ಅರೆಕಾಲುಗಳು ಎಣಿಸುವಷ್ಟು ಸ್ಪಷ್ಟ, ಕುದುರೆಗೆ ಎರಡು ಮೂಗು, ಬಾಲವಿರಬೇಕಾದ ಜಾಗದಲ್ಲಿ ಬರೀ ಮಂಜು. ಈ ಕದಡಿಕೆಯೂ ಒಂದು ಸುಳಿವು. ಅದು ಹೆಚ್ಚಾಗಿದ್ದಷ್ಟೂ ಮುಚ್ಚಳ ತೆರೆದಿದ್ದ ಹೊತ್ತು ಹೆಚ್ಚು ಎಂದು ತಿಳಿಯಬಹುದು. ಕುದುರೆ ಹೆಜ್ಜೆ ಎತ್ತಿರುವಾಗಲೇ ಸ್ಪಷ್ಟವಾಗಿ ಮೂಡಿದ್ದರೆ ಅದು ಷಟರ್ ಇರುವ, ಕೈಯಲ್ಲಿ ಹಿಡಿಯುವ ಕ್ಯಾಮೆರಾದ ಕೆಲಸ. 1900ರಲ್ಲಿ ಕೊಡಕ್ ಕಂಪನಿಯ ಒಂದು ಡಾಲರ್ ಬೆಲೆಯ ಬ್ರೌನಿ ಬಂದ ಮೇಲೆ ಇಂಥ ಕ್ಯಾಮೆರಾ ಮನೆಗಳಿಗೂ ಕಾಲಿಟ್ಟಿತು. ನಮ್ಮಲ್ಲಿ ಸ್ವಾತಂತ್ರ್ಯಾನಂತರ ಬರೋಡದಲ್ಲಿ ತಯಾರಾದ ಆಗ್ಫಾ ಕ್ಲಿಕ್-3 ಮಧ್ಯಮ ವರ್ಗದ ಕೈಗೆ ಎಟುಕಿತು. ಟಾಂಗಾದ ಕೊನೆಯ ದಶಕಗಳ ಚೌಕಾಕಾರದ ಚಿತ್ರಗಳಲ್ಲಿ ಅದರಲ್ಲಿ ತೆಗೆದವು ಸಾಕಷ್ಟಿವೆ.

ಯಾವ ಗಾಡಿ, ಯಾರ ಗಾಡಿ

ಚಿತ್ರದಲ್ಲಿರುವ ಗಾಡಿ ಯಾವುದೆಂದು ಗುರುತಿಸಿದರೆ ಮನೆಯ ಸ್ಥಿತಿಗತಿಯೂ ಸ್ವಲ್ಪ ತಿಳಿಯುತ್ತದೆ. ಎರಡೇ ಗಾಲಿ, ಕಮಾನಿನಂತೆ ಬಾಗಿದ ಮಾಡು, ಹಿಂದಿನಿಂದ ಹತ್ತುವ ಬಾಗಿಲು ಇದ್ದರೆ ಅದು ಜಟಕಾ. ಒಳಗೆ ಸೀಟು ಇರುವುದಿಲ್ಲ. ಹಲಗೆಯ ಮೇಲೆ ಹುಲ್ಲು ಹರಡಿ ಮೇಲೊಂದು ಚಾಪೆಯೋ ಮೆತ್ತೆಯೋ ಹಾಸಿರುತ್ತಾರೆ. ಎಲ್ಲರೂ ಕಾಲು ಮಡಿಸಿ ಕೂರಬೇಕು. ಹಿಂದೆ ಭಾರ ಹೆಚ್ಚಾದರೆ ಮೂಕಿ ಮೇಲೆದ್ದು ಕುದುರೆಯ ಹೊಟ್ಟೆಪಟ್ಟಿ ಬಿಗಿಯುತ್ತದೆ. ಹೀಗಾಗಿ ಗಾಡಿಯವರು ಹೊರಡುವ ಮುನ್ನ ‘ಸ್ವಲ್ಪ ಮುಂದೆ ಬನ್ನಿ ಸ್ವಾಮಿ’ ಎಂದು ಭಾರ ಸರಿದೂಗಿಸುತ್ತಿದ್ದರು. ಇಂಥ ಚಿತ್ರಗಳಲ್ಲಿ ದಪ್ಪಗಿನ ಹಿರಿಯರು ಮುಂದಕ್ಕೂ ಮಕ್ಕಳು ಹಿಂದಕ್ಕೂ ಕುಳಿತಿದ್ದರೆ ಅದರ ಲೆಕ್ಕ ಇದೇ.

ಟಾಂಗಾಕ್ಕೂ ಎರಡೇ ಗಾಲಿ. ಆದರೆ ಬೆನ್ನಿಗೆ ಬೆನ್ನು ಕೊಟ್ಟ ಎರಡು ಸೀಟುಗಳಿರುತ್ತವೆ. ಮುಂದೆ ಗಾಡಿಯವನ ಪಕ್ಕ ಒಂದಿಬ್ಬರು, ಹಿಂದೆ ದಾರಿಯ ಕಡೆ ಮುಖ ಮಾಡಿ, ಕೆಳಗಿನ ಹಲಗೆಗೆ ಕಾಲು ಊರಿ ಇನ್ನಿಬ್ಬರು. ಮೈಸೂರಿನಲ್ಲಿ ಶಾ ಪಸಂದ್ ಎಂಬ ಸೊಗಸಿನ ಗಾಡಿಯೂ ಓಡುತ್ತಿತ್ತು. ವಿಜಯಪುರದಲ್ಲಿ ಗೋಲಗುಂಬಜ್ ನೋಡಲು ಬಂದವರನ್ನು ಟಾಂಗಾ ಇತ್ತೀಚಿನ ದಶಕಗಳವರೆಗೂ ಸುತ್ತಾಡಿಸಿದೆ. ನಾಲ್ಕು ಗಾಲಿ, ಎತ್ತರದ ಪೀಠದ ಮೇಲೆ ಗಾಡಿ ಹೊಡೆಯುವವನು, ಹಿಂದೆ ಮೆತ್ತನೆಯ ಸೀಟು ಇದ್ದರೆ ಅದು ಸಾರೋಟು. ಮಡಚುವ ಮಾಡಿನ ವಿಕ್ಟೋರಿಯಾ, ಮುಚ್ಚಿದ ಪೆಟ್ಟಿಗೆಯ ಬ್ರೂಮ್, ಎರಡೂ ಕಡೆ ಮಡಚುವ ಲ್ಯಾಂಡೋ ಎಲ್ಲವೂ ಈ ಜಾತಿಯವೇ. ಸಾರೋಟು ಇಟ್ಟವರಿಗೆ ಲಾಯ ಬೇಕು, ಆಳು ಬೇಕು, ಹುರುಳಿ-ಹುಲ್ಲಿನ ಖರ್ಚು ತೂಗಿಸುವ ಆದಾಯ ಬೇಕು. ಅಂಥ ಗಾಡಿಗಳು ಕಾಣುವುದು ದಿವಾನರು, ವಕೀಲರು, ದೊಡ್ಡ ವ್ಯಾಪಾರಿಗಳು, ಮಿಷನ್ ಬಂಗಲೆಗಳ ಆಲ್ಬಮ್‌ಗಳಲ್ಲಿ. ಕರಾವಳಿ ಮತ್ತು ಮಲೆನಾಡಿನ ಆಲ್ಬಮ್‌ಗಳಲ್ಲಿ ಕುದುರೆಗಿಂತ ಎತ್ತಿನ ಕಮಾನು ಗಾಡಿಯೇ ಹೆಚ್ಚು.

ಗಾಡಿಯ ಪಕ್ಕದಲ್ಲಿ ನಂಬರಿನ ಬಿಲ್ಲೆ ಇದೆಯೇ ಎಂದು ನೋಡಬೇಕು. ಬಾಡಿಗೆ ಗಾಡಿಗಳಿಗೆ ಪರವಾನಗಿ, ನಂಬರು, ಹೊರುವ ಜನರ ಮಿತಿಗಳನ್ನು ಪುರಸಭೆಗಳು ಗೊತ್ತುಮಾಡುತ್ತಿದ್ದವು. ಬ್ರಿಟಿಷ್ ಇಂಡಿಯಾದಲ್ಲಿ ಇದಕ್ಕೆಂದೇ 1879ರಲ್ಲಿ ಬಾಡಿಗೆ ಗಾಡಿಗಳ ಕಾಯಿದೆ ಬಂದಿತ್ತು. ಬಿಲ್ಲೆ ಇದ್ದರೆ ಗಾಡಿ ಬಾಡಿಗೆಯದು, ಇಲ್ಲದಿದ್ದರೆ ಸ್ವಂತದ್ದಿರಬಹುದು. ಪಕ್ಕದಲ್ಲಿ ತೂಗುವ ಎಣ್ಣೆದೀಪವನ್ನೂ ಗಮನಿಸಿ. ಕತ್ತಲಾದ ಮೇಲೆ ದೀಪ ಹಚ್ಚದೆ ಓಡಿಸಿದರೆ ಪೊಲೀಸರು ಹಿಡಿಯುತ್ತಿದ್ದರು.

ಒಂದು ಚಿತ್ರ, ಹತ್ತಿರದಿಂದ

ನಮ್ಮ ಮನೆಯಲ್ಲಿ ಉಳಿದಿರುವ ಒಂದು ಚಿತ್ರವನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಪೋಸ್ಟ್‌ಕಾರ್ಡಿನ ಅಳತೆಯದು. ಮೈಸೂರಿನ ಅಗ್ರಹಾರದ ಹೆಂಚಿನ ಮನೆ, ಮುಂದೆ ಒಂದು ಜಟಕಾ. ಹಿಂದಿನ ಬಾಗಿಲಲ್ಲಿ ಅಜ್ಜಿ, ಅವರ ಮಡಿಲಲ್ಲಿ ಒಂದು ಹೆಣ್ಣುಮಗು. ಪಕ್ಕದಲ್ಲಿ ಕಚ್ಚೆಪಂಚೆ, ಮುಚ್ಚುಕೋಟು, ರುಮಾಲಿನ ಅಜ್ಜ, ಕೈಯಲ್ಲಿ ಕೊಡೆ. ಗಾಡಿಯ ಒಳಗೆ ಕಟ್ಟಿದ ಹಾಸಿಗೆ, ಹಿತ್ತಾಳೆ ಕೂಜ, ಒಂದು ಚಿಕ್ಕ ಟ್ರಂಕು. ಕುದುರೆಯ ಮುಂದೆ ಲಗಾಮು ಹಿಡಿದು ನಿಂತ ಗಡ್ಡದ ಮನುಷ್ಯ. ಚಿತ್ರದ ಬಲತುದಿಯಲ್ಲಿ ಒಂದು ಕಂಬ, ಅದಕ್ಕೆ ಎರಡು ತಂತಿ.

ಮೊದಲು ಕಂಬ. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಬೆಳಗಿದ್ದು 1905ರಲ್ಲಿ. ಮೈಸೂರಿಗೆ ಆ ಬೆಳಕು ಬಂದದ್ದು 1908ರಲ್ಲಿ. ಅಂದರೆ ಚಿತ್ರ ಅದಕ್ಕಿಂತ ಹಳೆಯದಲ್ಲ. ಹಿಂಬದಿಯಲ್ಲಿ ವಿಳಾಸಕ್ಕೊಂದು ಭಾಗ, ಒಕ್ಕಣೆಗೊಂದು ಭಾಗ, ನಡುವೆ ಗೆರೆ. ಇಂಥ ಕಾರ್ಡಿಗೆ ಬ್ರಿಟನ್ನಿನಲ್ಲಿ ಅನುಮತಿ ಸಿಕ್ಕಿದ್ದು 1902ರಲ್ಲಿ. ಅದೂ ಹೊಂದಿತು. ಅಜ್ಜ ಪೆನ್ಸಿಲಿನಲ್ಲಿ ‘ನಂಜನಗೂಡು ತೇರಿಗೆ’ ಎಂದು ಬರೆದಿದ್ದಾರೆ. ನಂಜುಂಡೇಶ್ವರನ ದೊಡ್ಡ ಜಾತ್ರೆ ನಡೆಯುವುದು ಮಾರ್ಚ್-ಏಪ್ರಿಲ್ ಹೊತ್ತಿಗೆ. ಅಲ್ಲಿಗೆ ತಿಂಗಳು ಸಿಕ್ಕಿತು. ಮಡಿಲಲ್ಲಿರುವ ಮಗು ನನ್ನ ಸೋದರತ್ತೆ. ಅವರು ಹುಟ್ಟಿದ್ದು 1934ರಲ್ಲಿ, ಚಿತ್ರದಲ್ಲಿ ಎರಡು ವರ್ಷದ ಆಸುಪಾಸು. ಹೀಗೆ 1936ರ ಬೇಸಿಗೆಯ ಒಂದು ಬೆಳಗ್ಗೆ ನಮ್ಮ ಮುಂದೆ ನಿಂತಿತು.

ಮೈಸೂರು-ನಂಜನಗೂಡು ನಡುವೆ 1891ರಿಂದಲೇ ರೈಲು ಓಡುತ್ತಿತ್ತು. ಹಾಗಾದರೆ ಜಟಕಾ ಏಕೆ ಎಂದು ಅತ್ತೆಯನ್ನು ಕೇಳಿದೆ. ‘ಸ್ಟೇಷನ್ನಿಗೆ ಹೋಗೋಕೆ ಕಣೋ. ಅಷ್ಟು ಸಾಮಾನು ಹೊತ್ಕೊಂಡು ನಡೆಯೋಕಾಗತ್ತಾ?’ ಎಂದರು. ದೊಡ್ಡವರಾದ ಮೇಲೂ ಅವರು ಆ ಗಾಡಿಯನ್ನು ಕಂಡಿದ್ದರು. ಲಗಾಮು ಹಿಡಿದವರು ಯಾರೆಂದು ಕೇಳಿದಾಗ, ‘ಸಾಬರು. ನಮ್ಮನ್ನ ಸ್ಕೂಲಿಗೂ ಅವರೇ ಬಿಡ್ತಿದ್ದರು’ ಎಂದರು. ಹೆಸರು? ಅದು ಅವರಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ.

ಲಗಾಮು ಹಿಡಿದವರು

ನನ್ನ ಮಟ್ಟಿಗೆ ಈ ಫೋಟೊಗಳ ಅತಿ ಮುಖ್ಯ ಸಂಗತಿ ಇದು. ಮೈಸೂರು-ಬೆಂಗಳೂರುಗಳಲ್ಲಿ ಬಾಡಿಗೆ ಗಾಡಿ ಹೊಡೆದವರಲ್ಲಿ ಮುಸಲ್ಮಾನರು ಬಹಳ ಮಂದಿ. ಡಿ.ವಿ.ಜಿ.ಯವರು ‘ಮಂಕುತಿಮ್ಮನ ಕಗ್ಗ’ದಲ್ಲಿ ಬದುಕನ್ನು ಜಟಕಾಕ್ಕೆ ಹೋಲಿಸುವಾಗ ಅದನ್ನು ಓಡಿಸುವವನನ್ನು ಸಾಹೇಬ ಎಂದದ್ದು ಆ ಕಾಲದ ಓದುಗರಿಗೆ ದಿನವೂ ಕಾಣುತ್ತಿದ್ದ ದೃಶ್ಯ. ಮಡಿ-ಮೈಲಿಗೆಯ ಕಟ್ಟುಪಾಡಿನ ಮನೆಗಳವರೂ ಮಗಳ ದಿಬ್ಬಣಕ್ಕೆ, ದೇವಸ್ಥಾನಕ್ಕೆ, ಹೆರಿಗೆಗೆ ಹೊರಟದ್ದು ಸಾಹೇಬರ ಗಾಡಿಯಲ್ಲೇ. ಶಾಲೆಗೆ ಹೋಗುವ ಹೆಣ್ಣುಮಕ್ಕಳನ್ನು ತಿಂಗಳ ಬಾಡಿಗೆಯ ಗಾಡಿಯಲ್ಲಿ ಕಳಿಸುವಾಗ ತಂದೆತಾಯಿಯರು ನಂಬಿದ್ದು ಅವರನ್ನೇ. ಆ ನಂಬಿಕೆಗೆ ಬರಹದ ದಾಖಲೆ ಇಲ್ಲ. ಚಿತ್ರವಿದೆ.

ಅವರ ದಿನ ಶುರುವಾಗುತ್ತಿದ್ದದ್ದು ನಸುಕಿನಲ್ಲಿ. ಕುದುರೆಯ ಮೈ ಉಜ್ಜಿ, ನೆನೆಸಿದ ಹುರುಳಿ ತಿನ್ನಿಸಿ, ನೀರು ಕುಡಿಸಿ ಗಾಡಿ ಕಟ್ಟಬೇಕು. ಲಾಳ ಸವೆದರೆ ಲಾಳ ಕಟ್ಟುವವನ ಬಳಿ ಕಾಯಬೇಕು. ಗಾಲಿಯ ಕಬ್ಬಿಣದ ಪಟ್ಟಿ ಸಡಿಲವಾದರೆ ಕಮ್ಮಾರನ ಕುಲುಮೆಗೆ ಒಯ್ಯಬೇಕು. ಪಟ್ಟಿಯನ್ನು ಕೆಂಪಗೆ ಕಾಯಿಸಿ ಗಾಲಿಗೆ ಏರಿಸಿ ನೀರು ಹೊಯ್ದರೆ ಅದು ಕುಗ್ಗಿ ಬಿಗಿಯುತ್ತದೆ. ಒಂದು ಗಾಡಿ ಬೀದಿಯಲ್ಲಿ ಓಡಲು ಬಡಗಿ, ಕಮ್ಮಾರ, ಲಾಳದವನು, ಚರ್ಮದ ಕೆಲಸದವನು, ಹುಲ್ಲು ಮಾರುವವಳು ಇಷ್ಟು ಜನ ದುಡಿಯುತ್ತಿದ್ದರು. ಫೋಟೊದಲ್ಲಿರುವುದು ಒಬ್ಬ. ಅವನ ಹಿಂದೆ ಒಂದು ಕೇರಿಯೇ ಇತ್ತು.

ಹೆಚ್ಚಿನ ಚಿತ್ರಗಳಲ್ಲಿ ಗಾಡಿಯವರು ಅರ್ಧ ಚೌಕಟ್ಟಿನ ಆಚೆಗೆ ಹೋಗಿರುತ್ತಾರೆ, ಇಲ್ಲವೇ ಕುದುರೆಯ ಕತ್ತಿನ ಮರೆಯಲ್ಲಿರುತ್ತಾರೆ. ಹಿಂಬದಿಯಲ್ಲಿ ಕುಳಿತವರೆಲ್ಲರ ಹೆಸರಿರುತ್ತದೆ, ಅವರದಿರುವುದಿಲ್ಲ. ಕೆಲವು ಸಂಬಂಧಿಕರು ಚಿತ್ರವನ್ನು ಚೌಕಟ್ಟಿಗೆ ಹೊಂದಿಸಲು ಆ ಭಾಗವನ್ನೇ ಕತ್ತರಿಸಿ ಹಾಕಿದ್ದನ್ನು ನೋಡಿ ನನಗೆ ಸಂಕಟವಾಗಿದೆ.

ರೈಲು ಬಂದಾಗ, ಬಸ್ಸು ಬಂದಾಗ

ರೈಲು ಬಂದು ಕುದುರೆಗಾಡಿಯನ್ನು ಮುಗಿಸಿತು ಎಂದು ಎಷ್ಟೋ ಮಂದಿ ತಿಳಿದಿದ್ದಾರೆ. ಚಿತ್ರಗಳು ಹೇಳುವುದು ಬೇರೆ. ರೈಲಿಗೆ ಮುಂಚೆ ಬೆಂಗಳೂರಿನಿಂದ ಮೈಸೂರಿಗೆ ಸುಮಾರು 140 ಕಿಲೋಮೀಟರ್ ದೂರವನ್ನು ಈಗಿನ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದ ದಾರಿಯಲ್ಲಿ ಕ್ರಮಿಸಬೇಕಿತ್ತು. ಕುದುರೆಗಾಡಿಯಲ್ಲಿ ಹೋಗುವ ಅನುಕೂಲವಂತರು ದಾರಿಯಲ್ಲಿ ಕುದುರೆ ಬದಲಿಸುತ್ತಿದ್ದರು, ಉಳಿದವರು ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದರು ಅಥವಾ ನಡೆಯುತ್ತಿದ್ದರು. 1864ರಲ್ಲಿ ಮದರಾಸಿನ ಕಡೆಯಿಂದ ರೈಲು ಬೆಂಗಳೂರು ದಂಡಿಗೆ ಬಂತು. 1882ರ ಹೊತ್ತಿಗೆ ಮೈಸೂರಿಗೂ ಹಳಿ ಮುಟ್ಟಿತು. ದೂರದ ಪ್ರಯಾಣವನ್ನು ರೈಲು ತೆಗೆದುಕೊಂಡಿತು. ಆದರೆ ಪ್ರತಿ ರೈಲೂ ನೂರಾರು ಜನರನ್ನು ಗಂಟುಮೂಟೆ ಸಮೇತ ಸ್ಟೇಷನ್ನಿನಲ್ಲಿ ಇಳಿಸಿತು. ಅವರನ್ನು ಮನೆ ಮುಟ್ಟಿಸಬೇಕಾದದ್ದು ಜಟಕಾ. ಹೀಗಾಗಿ ರೈಲು ಬಂದ ಊರುಗಳಲ್ಲಿ ಸ್ಟೇಷನ್ ಮುಂದೆ ಗಾಡಿ ಸ್ಟ್ಯಾಂಡು ಹುಟ್ಟಿತು. ನಮ್ಮ ಆಲ್ಬಮ್‌ಗಳ ಜಟಕಾಗಳಲ್ಲಿ ಬಹುಪಾಲು ರೈಲಿನ ಕಾಲದವೇ. ಘಟ್ಟ ಹತ್ತುವ ಕಡೆ ಮಾತ್ರ ಕುದುರೆ ಇನ್ನಷ್ಟು ಕಾಲ ದೂರದ ಪ್ರಯಾಣವನ್ನೂ ನಡೆಸಿತು. ನೀಲಗಿರಿಯ ರೈಲು ಕೂನೂರು ಮುಟ್ಟಿದ್ದು 1899ರಲ್ಲಿ, ಊಟಿ ಮುಟ್ಟಿದ್ದು 1908ರಲ್ಲಿ. ಅಲ್ಲಿಯವರೆಗೆ ಮೆಟ್ಟುಪಾಳ್ಯದಿಂದ ಮೇಲಕ್ಕೆ ಟಾಂಗಾಗಳೇ ಗತಿ.

ಜಟಕಾದ ಅನ್ನಕ್ಕೆ ಕಲ್ಲು ಬಿದ್ದದ್ದು ಊರೊಳಗಿನ ಬಸ್ಸು ಮತ್ತು ಆಟೊರಿಕ್ಷಾದಿಂದ. ಬೆಂಗಳೂರಿನಲ್ಲಿ 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ನಗರದ ಬಸ್ಸು ಓಡಿಸತೊಡಗಿತು. 1950ರ ದಶಕದಲ್ಲಿ ಆಟೊಗಳು ಹೆಚ್ಚಿದವು. ಮನೆಬಾಗಿಲಿಗೆ ಬರುವ, ಚೌಕಾಸಿ ಮಾಡಿ ಹತ್ತಬಹುದಾದ ವಾಹನವೆಂಬ ಒಂದೇ ಹಿರಿಮೆಯೂ ಕೈಜಾರಿತು. ಅಂದಿನಿಂದ ಆಲ್ಬಮ್‌ಗಳಲ್ಲಿ ಮನೆಮಂದಿ ಒರಗಿ ನಿಲ್ಲುವುದು ಲ್ಯಾಂಬ್ರೆಟ್ಟಾ ಸ್ಕೂಟರಿಗೆ, ಅಂಬಾಸಿಡರ್ ಕಾರಿಗೆ.

ಅರಮನೆಯ ಚಿತ್ರ, ಮನೆಯ ಚಿತ್ರ

ಮೈಸೂರು ಅರಮನೆಯ ಕಲ್ಯಾಣ ಮಂಟಪದ ಗೋಡೆಗಳ ಮೇಲೆ ದಸರಾ ಮೆರವಣಿಗೆಯ ವರ್ಣಚಿತ್ರಗಳ ಸಾಲಿದೆ. ನಮ್ಮದೇ ಕಲಾವಿದರು ನಿಜವಾದ ಫೋಟೊಗಳನ್ನು ಎದುರಿಗಿಟ್ಟುಕೊಂಡು ಬರೆದ ಚಿತ್ರಗಳವು. ಆನೆ, ಕುದುರೆ, ಸವಾರರು, ನೋಡಲು ಸೇರಿದ ಜನ ಎಲ್ಲರೂ ಅಲ್ಲಿದ್ದಾರೆ. ಅರಮನೆಗೆ ತನ್ನ ವೈಭವವನ್ನು ಹೀಗೆ ಎರಡೆರಡು ಬಾರಿ ದಾಖಲಿಸುವ ಶಕ್ತಿ ಇತ್ತು.

ಗಾಡಿ ಹೇಗೆ ಗೌರವದ ಗುರುತಾಗಿತ್ತು ಎಂಬುದಕ್ಕೆ ಇನ್ನೊಂದು ಪ್ರಸಂಗವಿದೆ. ನಾಯಕರು ಊರಿಗೆ ಬಂದರೆ ಕುದುರೆ ಬಿಚ್ಚಿ, ಜನರೇ ಸಾರೋಟು ಎಳೆಯುವುದು ಆ ಕಾಲದ ಸ್ವಾಗತದ ರೀತಿ. 1915ರ ಮೇ ತಿಂಗಳಲ್ಲಿ ಗಾಂಧೀಜಿ ಬೆಂಗಳೂರಿಗೆ ಬಂದಾಗ ಇಲ್ಲಿಯ ಉತ್ಸಾಹಿಗಳೂ ಹಾಗೆ ಮಾಡಬಯಸಿದರು. ಗಾಂಧೀಜಿ ಒಪ್ಪಲಿಲ್ಲ. ಸಾರ್ವಜನಿಕ ಕೆಲಸ ಮಾಡುವವರನ್ನು ಹೀಗೆ ಎಳೆದು ಕೆಡಿಸಬಾರದು ಎಂದು ಅಂದಿನ ಭಾಷಣದಲ್ಲೂ ತಿಳಿಹೇಳಿದರು. ಮನುಷ್ಯನನ್ನು ಮನುಷ್ಯ ಎಳೆಯುವ ಮೆರವಣಿಗೆಯ ಚಿತ್ರಗಳು ಹಳೆಯ ಆಲ್ಬಮ್‌ಗಳಲ್ಲಿ ಸಿಕ್ಕರೆ ಈ ಮಾತು ನೆನಪಿನಲ್ಲಿರಲಿ.

ಕುದುರೆಯ ಪಾಡನ್ನೂ ನಾವು ಕಣ್ಣಿಟ್ಟು ನೋಡಬೇಕು. ಹಳೆಯದೆಲ್ಲ ಸೊಗಸು ಎಂಬ ಮೋಹದಲ್ಲಿ ಇದನ್ನು ಮರೆಯುವುದು ಸರಿಯಲ್ಲ. ಎಷ್ಟೋ ಚಿತ್ರಗಳಲ್ಲಿ ತಟ್ಟುವಿನ ಪಕ್ಕೆಲುಬು ಎಣಿಸಬಹುದು. ಹೆಗಲ ಬಳಿ ಪಟ್ಟಿ ಉಜ್ಜಿದ ಗಾಯದ ಗುರುತೂ ಕಾಣುತ್ತದೆ. ಗಾಡಿಯವನ ಬಡತನ ಮತ್ತು ಕುದುರೆಯ ಹಸಿವು ಒಂದೇ ಬುತ್ತಿಯವು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ ಕಾಯಿದೆ 1960ರಲ್ಲಿ ಬಂತು. ಮುಂಬೈಯ ವಿಕ್ಟೋರಿಯಾ ಗಾಡಿಗಳು ಕಾನೂನುಬಾಹಿರ ಎಂದು ಬಾಂಬೆ ಹೈಕೋರ್ಟ್ 2015ರಲ್ಲಿ ತೀರ್ಪಿತ್ತಿತು. ಮೈಸೂರಿನಲ್ಲಿ ದಸರೆಯ ಹೊತ್ತಿಗೆ ಸಾಂಪ್ರದಾಯಿಕ ಉಡುಗೆ ತೊಟ್ಟ ದಂಪತಿಗಳ ಪಾರಂಪರಿಕ ಟಾಂಗಾ ಸವಾರಿ ನಡೆಯುತ್ತದೆ. ಉಳಿದಿರುವ ಕೆಲವೇ ಟಾಂಗಾಗಳಾದರೂ ಹೊಟ್ಟೆ ತುಂಬಿದ ಕುದುರೆ, ಬಾಳ್ವೆಗೆ ಸಾಲುವ ಬಾಡಿಗೆಯೊಂದಿಗೆ ಓಡಲಿ ಎಂಬುದು ನನ್ನ ಹಾರೈಕೆ.

ಉಳಿಸಿಕೊಳ್ಳುವ ಬಗೆ

ಫೋಟೊದ ಕಾಲ ತಿಳಿಯಲು ಕಾಗದವೇ ಅರ್ಧ ಉತ್ತರ ಕೊಡುತ್ತದೆ. ತೆಳು ಕಾಗದವನ್ನು ದಪ್ಪ ರಟ್ಟಿಗೆ ಅಂಟಿಸಿದ್ದು, ಬಣ್ಣ ಕಂದು-ಹಳದಿಗೆ ತಿರುಗಿದ್ದು ಹೆಚ್ಚಾಗಿ ಮೊಟ್ಟೆಯ ಬಿಳಿ ಬಳಸಿದ ಆಲ್ಬುಮಿನ್ ಪ್ರಿಂಟು, 19ನೇ ಶತಮಾನದ್ದು. ಕಪ್ಪು ಭಾಗಗಳ ಅಂಚಿನಲ್ಲಿ ನೀಲಿ ಛಾಯೆಯ ಬೆಳ್ಳಿ ಹೊಳಪು ಕಂಡರೆ ಅದು ಜೆಲಟಿನ್ ಪ್ರಿಂಟು, ಬಹುತೇಕ 20ನೇ ಶತಮಾನದ್ದು. ಆ ಹೊಳಪನ್ನು ಒರೆಸಲು ಹೋಗಬೇಡಿ. ಹಿನ್ನೆಲೆಯ ಕಟ್ಟಡಗಳನ್ನೂ ಕೇಳಿ ನೋಡಿ. ಮೈಸೂರಿನ ದೊಡ್ಡ ಗಡಿಯಾರದ ಎತ್ತರದ ಗೋಪುರ ಕಂಡರೆ ಚಿತ್ರ 1927ಕ್ಕಿಂತ ಹಿಂದಿನದಲ್ಲ. ಕಬ್ಬನ್ ಪಾರ್ಕಿನ ವಿಕ್ಟೋರಿಯಾ ರಾಣಿಯ ಪ್ರತಿಮೆ ಕಂಡರೆ 1906ಕ್ಕಿಂತ ಹಿಂದಿನದಲ್ಲ.

ನಮ್ಮ ಮಳೆಗಾಲದ ತೇವವೇ ಫೋಟೊಗಳ ದೊಡ್ಡ ಶತ್ರು. ಅಡುಗೆಮನೆಗೆ, ಬಚ್ಚಲಿಗೆ ತಾಗಿದ ಗೋಡೆಯ ಬೀರು ಬೇಡ. ಅಂಟುವ ಪುಟದ ಮೇಲೆ ಪ್ಲಾಸ್ಟಿಕ್ ಹೊದಿಸಿದ ಆಲ್ಬಮ್‌ಗಳು ಒಂದು ಕಾಲಕ್ಕೆ ಮನೆಮನೆಗೂ ಬಂದವು. ಆ ಅಂಟು ಚಿತ್ರವನ್ನು ತಿನ್ನುತ್ತದೆ. ಸುಲಭವಾಗಿ ಬಿಡಿಸಲು ಬಂದರೆ ಬಿಡಿಸಿ ಆಮ್ಲರಹಿತ ಕಾಗದದ ಲಕೋಟೆಗೆ ಹಾಕಿ. ಬರದಿದ್ದರೆ ಕೀಳಬೇಡಿ, ಪುಟದ ಮೇಲಿರುವಂತೆಯೇ ಸ್ಕ್ಯಾನ್ ಮಾಡಿ. ನೀರು, ಸ್ಪಿರಿಟ್, ಎಣ್ಣೆ ಯಾವುದನ್ನೂ ಮುಟ್ಟಿಸಬೇಡಿ. 600 ಡಿಪಿಐ ಸ್ಕ್ಯಾನ್ ಸಾಕು. ಚಿತ್ರದ ಹಿಂಬದಿಯನ್ನೂ ತಪ್ಪದೆ ಸ್ಕ್ಯಾನ್ ಮಾಡಿ. ಸ್ಟುಡಿಯೊದ ಮುದ್ರೆ, ಅಜ್ಜನ ಕೈಬರಹ, ಅಂಚೆಯ ಠಸ್ಸೆ ಇರುವುದು ಅಲ್ಲೇ. ಗಾಜಿನ ನೆಗೆಟಿವ್ ಸಿಕ್ಕರೆ ರದ್ದಿಗೆ ಹಾಕಬೇಡಿ. ಪ್ರಿಂಟಿನಲ್ಲಿ ಕಾಣದ ನಂಬರಿನ ಬಿಲ್ಲೆ ನೆಗೆಟಿವ್‌ನಲ್ಲಿ ಕಾಣಬಹುದು.

ಇಂಥ ಮನೆಯ ಚಿತ್ರಗಳಿಗೆ ಬೆಲೆ ಇದೆ ಎಂಬುದನ್ನು ತೋರಿಸಿಕೊಟ್ಟವರು ಈಗ ಇದ್ದಾರೆ. 2010ರಲ್ಲಿ ಅನೂಷಾ ಯಾದವ್ ಆರಂಭಿಸಿದ ಇಂಡಿಯನ್ ಮೆಮೊರಿ ಪ್ರಾಜೆಕ್ಟ್ ಕುಟುಂಬದ ಫೋಟೊಗಳ ಮೂಲಕವೇ ಉಪಖಂಡದ ಚರಿತ್ರೆ ಹೇಳುತ್ತಿದೆ. ತಮಿಳುನಾಡಿನ ಹಳೆಯ ಸ್ಟುಡಿಯೊಗಳ ಚಿತ್ರಗಳನ್ನು ಪುದುಚೇರಿಯ ಫ್ರೆಂಚ್ ಸಂಸ್ಥೆ ಬ್ರಿಟಿಷ್ ಲೈಬ್ರರಿಯ ಯೋಜನೆಯೊಂದರ ನೆರವಿನಿಂದ ಡಿಜಿಟಲ್ ರೂಪಕ್ಕೆ ತಂದಿದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿಯಲ್ಲಿ ಛಾಯಾಚಿತ್ರಗಳಿಗೆ ದೊಡ್ಡ ಜಾಗವಿದೆ. ಕನ್ನಡ ನಾಡಿನ ಪ್ರತಿ ತಾಲ್ಲೂಕಿನಲ್ಲೂ ಗ್ರಂಥಾಲಯವೋ ಶಾಲೆಯೋ ಸಾಹಿತ್ಯ ಪರಿಷತ್ತಿನ ಘಟಕವೋ ಮುಂದೆ ಬಂದು ಊರಿನವರ ಫೋಟೊಗಳನ್ನು ಸ್ಕ್ಯಾನ್ ಮಾಡಿ, ಮೂಲವನ್ನು ಮನೆಯವರಿಗೇ ಹಿಂದಿರುಗಿಸುವ ಕೆಲಸ ಶುರುವಾಗಬೇಕು. ಇದಕ್ಕೆ ದೊಡ್ಡ ಹಣ ಬೇಡ. ಒಂದು ಸ್ಕ್ಯಾನರ್, ಇಬ್ಬರು ಆಸಕ್ತ ತರುಣರು ಸಾಕು.

ಅದಕ್ಕೂ ಮೊದಲು ಮಾಡಬೇಕಾದ ಕೆಲಸ ಮನೆಯಲ್ಲಿದೆ. ಜಟಕಾದಲ್ಲಿ ಕುಳಿತು ಶಾಲೆಗೆ ಹೋದ ಕೊನೆಯ ತಲೆಮಾರಿನವರು ಈಗ ಎಂಬತ್ತು ದಾಟಿದ್ದಾರೆ. ಅವರ ಮುಂದೆ ಈ ಚಿತ್ರಗಳನ್ನಿಟ್ಟು ಯಾವ ಊರು, ಯಾವ ಬೀದಿ, ಎಲ್ಲಿಗೆ ಹೊರಟದ್ದು, ಗಾಡಿ ಎಲ್ಲಿಂದ ಬಂದದ್ದು ಎಂದು ಕೇಳಿ. ಹೇಳಿದ್ದನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಫೋಟೊದ ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಎಲ್ಲರ ಹೆಸರು ಬರೆಯಿರಿ. ಲಗಾಮು ಹಿಡಿದು ನಿಂತವರ ಹೆಸರು ಯಾರಿಗಾದರೂ ನೆನಪಿದ್ದರೆ ಅದನ್ನು ಮೊದಲು ಬರೆಯಿರಿ.